ವಾರಕ್ಕೊಂದು ಮಾತ್ರೆ: ಕಣಗಲಾ ಕಾರ್ಖಾನೆಯಿಂದ ನಮ್ಮ ಪೇಟೆಯ ಔಷಧ ಅಂಗಡಿಯವರೆಗೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ವಾಣಿಜ್ಯವೆಂದೊಡನೆ ಭತ್ತ, ಅಕ್ಕಿ ಗಿರಣಿ, ಹತ್ತಿಗಳು ನೆನಪಾಗುವುದು ಸಹಜ. ಆದರೆ ವಳಕಮದಿನ್ನಿಯಂತಹ ಗ್ರಾಮಗಳಿಂದ ಪೇಟೆಗೆ ಬರುವ ಕುಟುಂಬಗಳೊಡನೆ ಅತ್ಯಂತ ನಿಕಟ ಸಂಪರ್ಕವುಳ್ಳ ವ್ಯಾಪಾರಿಗಳಲ್ಲಿ ಔಷಧ ವ್ಯಾಪಾರಿಯೂ ಒಬ್ಬನು. ಆತನ ಅಂಗಡಿಯಲ್ಲಿ ದೊರೆಯಬಹುದಾದ, ನಮ್ಮ ರಾಜ್ಯದ ಗ್ರಾಮವೊಂದರಲ್ಲಿಯೇ ತಯಾರಾಗುವ ಒಂದು ಸಣ್ಣ ಮಾತ್ರೆಯ ಹಿಂದಿರುವ ವಿಜ್ಞಾನವನ್ನೂ, ಅದನ್ನು ಮಾರುವವರ ಹೊಣೆಯನ್ನೂ ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಬೀಗ ಮತ್ತು ಕೀಲಿಕೈ

ಸ್ತ್ರೀಯ ಸಂತಾನಶಕ್ತಿಯನ್ನು ನಿಯಂತ್ರಿಸುವ ಹಾರ್ಮೋನುಗಳು ಮಿದುಳಿನ ತಳಭಾಗದ ಪಿಟ್ಯುಟರಿ ಗ್ರಂಥಿಯಿಂದಲೂ ಅಂಡಾಶಯದಿಂದಲೂ ಹೊರಟು ರಕ್ತದ ಮೂಲಕ ದೇಹವೆಲ್ಲ ಸಂಚರಿಸುತ್ತವೆ. ಆದರೂ ಅವುಗಳ ಆಜ್ಞೆಯನ್ನು ಕೆಲವೇ ಜೀವಕೋಶಗಳು ಪಾಲಿಸುತ್ತವೆ. ಇದಕ್ಕೆ ಕಾರಣ, ರಿಸೆಪ್ಟರ್ ಎಂದು ಕರೆಯಲ್ಪಡುವ ಗ್ರಾಹಿಗಳು. ಗ್ರಾಹಿಯು ಬೀಗವಿದ್ದಂತೆ, ಹಾರ್ಮೋನು ಕೀಲಿಕೈ ಇದ್ದಂತೆ. ಬೀಗವಿಲ್ಲದ ಕೋಶದಲ್ಲಿ ಕೀಲಿಕೈಗೆ ಕೆಲಸವಿಲ್ಲ.

ಪಿಟ್ಯುಟರಿ ಹಾರ್ಮೋನುಗಳ ಗ್ರಾಹಿಗಳು ಜೀವಕೋಶದ ಹೊರಪೊರೆಯಲ್ಲಿರುತ್ತವೆ. ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಹಾರ್ಮೋನಿನ ಗ್ರಾಹಿಯಾದರೋ ಬಹುಮಟ್ಟಿಗೆ ಕೋಶಕೇಂದ್ರದೊಳಗೆ ನೆಲೆಸಿರುತ್ತದೆ. ಹಾರ್ಮೋನು ಕೂಡಿಕೊಂಡೊಡನೆ ಗ್ರಾಹಿಯ ಆಕಾರ ಬದಲಾಗುತ್ತದೆ. ಅದು ಡಿಎನ್‌ಎಗೆ ಅಂಟಿಕೊಂಡು ನಿರ್ದಿಷ್ಟ ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ. ಗರ್ಭಕೋಶದ ಒಳಪದರ ಬೆಳೆದು ಫಲಿತ ಅಂಡಕ್ಕೆ ಆಸರೆ ನೀಡಲು ಸಿದ್ಧವಾಗುವುದರಲ್ಲಿ ಈ ಕ್ರಿಯೆಯ ಪಾತ್ರ ದೊಡ್ಡದು. 1950ರ ದಶಕದ ಕೊನೆಯಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಎಲ್‌ವುಡ್ ಜೆನ್ಸೆನ್ ಅವರು, ವಿಕಿರಣದಿಂದ ಗುರುತಿಸಿದ ಈಸ್ಟ್ರೋಜನ್ ಗರ್ಭಕೋಶದಂತಹ ಅಂಗಾಂಶಗಳಲ್ಲಿ ಮಾತ್ರ ಉಳಿದುಕೊಳ್ಳುವುದನ್ನು ತೋರಿಸಿ ಈ ಗ್ರಾಹಿಯ ಇರುವಿಕೆಯನ್ನು ಪತ್ತೆಹಚ್ಚಿದರು.

ಲಖನೌದ ಸಂಶೋಧನೆ, ಕಣಗಲಾದ ಉತ್ಪಾದನೆ

ಬೀಗದೊಳಗೆ ಹೊಗುವ, ಆದರೆ ಅದನ್ನು ತೆರೆಯದ ಕೀಲಿಕೈಯೊಂದನ್ನು ತಯಾರಿಸಿದರೆ ಹೇಗೆ? ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಡಾ. ನಿತ್ಯ ಆನಂದ್ ಮತ್ತು ಅವರ ಸಹೋದ್ಯೋಗಿಗಳ ಪರಿಶ್ರಮದಿಂದ ರೂಪುಗೊಂಡ ಸೆಂಟ್‌ಕ್ರೋಮಾನ್ ಅಂತಹ ಔಷಧ. ಓರ್ಮೆಲಾಕ್ಸಿಫೀನ್ ಎಂಬುದು ಅದರ ಇನ್ನೊಂದು ಹೆಸರು. ಇದು ಸ್ವತಃ ಹಾರ್ಮೋನಲ್ಲ. ಗರ್ಭಕೋಶದಲ್ಲಿ ಈಸ್ಟ್ರೋಜನ್ ಗ್ರಾಹಿಯನ್ನು ಆಕ್ರಮಿಸಿ ಹಾರ್ಮೋನಿನ ಆಜ್ಞೆಯನ್ನು ತಡೆಯುತ್ತದೆ. ಮೂಳೆಯಲ್ಲಾದರೋ ಈಸ್ಟ್ರೋಜನ್ನಿನಂತೆಯೇ ವರ್ತಿಸುತ್ತದೆ. ಅಂಡೋತ್ಪತ್ತಿಯು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಗರ್ಭಕೋಶದಲ್ಲಿ ಅಂಡ ನೆಲೆಗೊಳ್ಳುವುದಿಲ್ಲ.

1991ರಲ್ಲಿ ‘ಸಹೇಲಿ’ ಎಂಬ ಹೆಸರಿನಿಂದ ಇದನ್ನು ಮಾರುಕಟ್ಟೆಗೆ ತಂದ ಸಂಸ್ಥೆ, ಕೇಂದ್ರ ಸರಕಾರದ ಒಡೆತನದ ಹಿಂದೂಸ್ತಾನ್ ಲೇಟೆಕ್ಸ್. 1966ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಇಂದು ಎಚ್‌ಎಲ್‌ಎಲ್ ಲೈಫ್‌ಕೇರ್ ಎಂದು ಪರಿಚಿತ. ಬೆಳಗಾವಿ ಜಿಲ್ಲೆಯ ಕಣಗಲಾ ಗ್ರಾಮದಲ್ಲಿರುವ ಅದರ ಕಾರ್ಖಾನೆಯ ಉತ್ಪನ್ನಗಳಲ್ಲಿ ಈ ಮಾತ್ರೆಯೂ ಸೇರಿದೆ. ಸ್ವದೇಶಿ ಸಂಶೋಧನೆಯು ಕರ್ನಾಟಕದ ಹಳ್ಳಿಯೊಂದರ ಯಂತ್ರಗಳಲ್ಲಿ ಸರಕಾಗಿ ರೂಪುಗೊಂಡದ್ದು ನಮ್ಮ ಸಣ್ಣ ಉದ್ಯಮಿಗಳು ಗಮನಿಸಬೇಕಾದ ಸಂಗತಿ. 2016ರಲ್ಲಿ ಕೇಂದ್ರ ಸರಕಾರವು ಇದೇ ಔಷಧವನ್ನು ‘ಛಾಯಾ’ ಎಂಬ ಹೆಸರಿನಲ್ಲಿ ರಾಷ್ಟ್ರೀಯ ಕುಟುಂಬ ಯೋಜನಾ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿತು.

ಸರಕಿನೊಡನೆ ತಿಳಿವಳಿಕೆಯೂ ಹೋಗಲಿ

ಈ ಮಾತ್ರೆಯ ಯಶಸ್ಸು ಸೇವನಾ ಕ್ರಮವನ್ನು ಅವಲಂಬಿಸಿದೆ. ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಆದುದರಿಂದಲೇ ವಾರಕ್ಕೊಂದು ಮಾತ್ರೆ ಸಾಕಾಗುತ್ತದೆ. ಆದರೆ ಆರಂಭದಲ್ಲಿ ಔಷಧವು ದೇಹದಲ್ಲಿ ಸಾಕಷ್ಟು ಸಂಗ್ರಹವಾಗಬೇಕಾದ ಕಾರಣ, ಮೊದಲ 3 ತಿಂಗಳು ವಾರಕ್ಕೆ ಎರಡು ಬಾರಿ 30 ಮಿಲಿಗ್ರಾಮಿನ ಮಾತ್ರೆಯನ್ನು ಸೇವಿಸಬೇಕು. ಮುಟ್ಟಿನ ಮೊದಲ ದಿನ ಭಾನುವಾರವಾದರೆ, ಭಾನುವಾರ ಮತ್ತು ಬುಧವಾರ. 3 ತಿಂಗಳ ನಂತರ ಭಾನುವಾರ ಮಾತ್ರ. ‘ವಾರಕ್ಕೊಂದು’ ಎಂಬ ಒಂದೇ ಮಾತನ್ನು ಹೇಳಿ ಮಾತ್ರೆ ಕೊಟ್ಟು ಕಳುಹಿಸಿದರೆ, ಗ್ರಾಹಿಗಳು ಪೂರ್ತಿಯಾಗಿ ಮುಚ್ಚುವ ಮೊದಲೇ ರಕ್ಷಣೆ ದೊರೆತಿದೆಯೆಂದು ಆ ಮಹಿಳೆ ನಂಬುವಳು. ಬೇಡದ ಗರ್ಭದ ಹೊರೆ ಬೀಳುವುದು ಆಕೆಯ ಮೇಲೆ.

ಮಾತ್ರೆ ಮರೆತಲ್ಲಿ ನೆನಪಾದೊಡನೆ ಸೇವಿಸಿ, ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಬಳಸಬೇಕು. 7 ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ಮೊದಲಿನ ಕ್ರಮವನ್ನೇ ಪುನಃ ಆರಂಭಿಸಬೇಕು. ಕೆಲವರಲ್ಲಿ ಮುಟ್ಟು ತಡವಾಗುವುದುಂಟು. 15 ದಿನ ಮೀರಿದರೆ ಗರ್ಭ ಪರೀಕ್ಷೆ ಅಗತ್ಯ. ಇತ್ತೀಚೆಗೆ ಕಾಮಾಲೆಯಾದವರು, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆಯವರು, ಅಂಡಾಶಯದಲ್ಲಿ ನೀರ್ಗುಳ್ಳೆಗಳ ತೊಂದರೆಯುಳ್ಳವರು ವೈದ್ಯರನ್ನು ಕಾಣದೆ ಇದನ್ನು ಆರಂಭಿಸಬಾರದು.

ಔಷಧ ವ್ಯಾಪಾರಿ ಬಾಂಧವರು ಮಾಡಬಹುದಾದ ಕಾರ್ಯ ಸರಳವಾದುದು. ಸ್ಟ್ರಿಪ್ ಕೊಡುವಾಗ ಎರಡು ವಾರಗಳ ಹೆಸರನ್ನು ಕನ್ನಡದಲ್ಲಿ ಬರೆದುಕೊಡಬಹುದು. ಹೊಸ ವರ್ಷಕ್ಕೆ ಹಂಚುವ ಗೋಡೆ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಗುರುತು ಹಾಕಿಕೊಳ್ಳಲು ಸೂಚಿಸಬಹುದು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ‘ಛಾಯಾ’ ಉಚಿತವಾಗಿ ದೊರೆಯುವುದೆಂದು ಬಡವರಿಗೆ ತಿಳಿಸುವುದರಿಂದ ವ್ಯಾಪಾರಕ್ಕೆ ನಷ್ಟವಿಲ್ಲ. ಅಂಗಡಿಯ ಮೇಲಿನ ವಿಶ್ವಾಸ ಹೆಚ್ಚುತ್ತದೆ. ಮಹಿಳಾ ಕಾರ್ಮಿಕರಿರುವ ಗಿರಣಿ ಮಾಲೀಕರು ಆರೋಗ್ಯ ಕಾರ್ಯಕರ್ತೆಯರಿಂದ ಇಂತಹ ಮಾಹಿತಿ ಕೊಡಿಸಬಹುದು. ಲಖನೌದ ವಿಜ್ಞಾನಿಗಳೂ ಕಣಗಲಾದ ಕಾರ್ಮಿಕರೂ ತಮ್ಮ ಪಾಲಿನ ಕೆಲಸವನ್ನು ಪೂರೈಸಿದ್ದಾರೆ. ಗಲ್ಲಾಪೆಟ್ಟಿಗೆಯ ಬಳಿ ಆಡಬೇಕಾದ ನಾಲ್ಕು ಮಾತು ಮಾತ್ರ ನಮ್ಮ ಪಾಲಿಗೆ ಉಳಿದಿದೆ.