ಹಸುರು ಬಯಲಿನ ಮಾರ್ದನಿ



ಆಂಗ್ಲಕವಿ ವಿಲಿಯಂ ಬ್ಲೇಕನ ‘ದಿ ಎಕೋಯಿಂಗ್ ಗ್ರೀನ್’ ಎಂಬ ಕಿರುಗವಿತೆಯನ್ನು ಮಕ್ಕಳ ಆಟದ ಹಾಡೆಂದು ಓದಿ ಮುಂದೆ ಸಾಗುವುದು ವಾಡಿಕೆ. ನಾನೂ ಬಹುಕಾಲ ಹಾಗೆಯೇ ಪಾಠ ಹೇಳಿದೆನು. ಮಾನವಜೀವಿತದ ಪೂರ್ಣಚಕ್ರವೇ ಅದರಲ್ಲಿ ಅಡಗಿದೆಯೆಂಬುದು ನನಗೆ ತಡವಾಗಿ ತಿಳಿಯಿತು.

ಬ್ಲೇಕನು 1757ರಲ್ಲಿ ಲಂಡನ್ನಿನಲ್ಲಿ ಜನಿಸಿ 1827ರಲ್ಲಿ ಅಲ್ಲಿಯೇ ಕಾಲವಾದನು. ಕೆತ್ತನೆಯ ಕೆಲಸವೇ ಆತನ ಜೀವನೋಪಾಯ. ಈ ಕವಿತೆ 1789ರ ‘ಸಾಂಗ್ಸ್ ಆಫ್ ಇನ್ನೊಸೆನ್ಸ್’, ಎಂದರೆ ‘ಮುಗ್ಧತೆಯ ಗೀತಗಳು’ ಎಂಬ ಸಂಗ್ರಹದಲ್ಲಿದೆ. ಪದ್ಯವನ್ನೂ ಚಿತ್ರವನ್ನೂ ಒಂದೇ ತಾಮ್ರದ ತಗಡಿನಲ್ಲಿ ಮೂಡಿಸಿ, ಅಚ್ಚೊತ್ತಿ, ಕೈಯಿಂದಲೇ ಬಣ್ಣ ತುಂಬುತ್ತಿದ್ದನು. ಪತ್ನಿ ಕ್ಯಾಥರೀನಳು ನೆರವಾಗುತ್ತಿದ್ದಳು.

ಹತ್ತು ಹತ್ತು ಸಾಲುಗಳ ಮೂರು ಪದ್ಯಗಳು, ಮಾತಾಡುವವರು ಮಕ್ಕಳು. ಸ್ಥಳವು ಊರವರೆಲ್ಲರಿಗೂ ಸೇರಿದ ಹುಲ್ಲುಬಯಲು. ಮೊದಲನೆಯ ಪದ್ಯದಲ್ಲಿ ವಸಂತದ ಸೂರ್ಯೋದಯ, ಗಂಟೆಗಳ ನಾದ, ಹಕ್ಕಿಗಳ ಕಲರವ. ಎರಡನೆಯದರಲ್ಲಿ ನರೆಗೂದಲಿನ ಜಾನಜ್ಜನು ವೃದ್ಧರೊಡನೆ ಓಕ್ ಮರದಡಿ ಕುಳಿತು, ಆಟ ನೋಡಿ ನಗುತ್ತಾ ತನ್ನ ಎಳೆತನವನ್ನು ನೆನೆಯುತ್ತಾನೆ. ಮೂರನೆಯದರಲ್ಲಿ ಸೂರ್ಯನಿಳಿಯುತ್ತಾನೆ, ದಣಿದ ಮಕ್ಕಳು ಗೂಡು ಸೇರಿದ ಹಕ್ಕಿಗಳಂತೆ ತಾಯಂದಿರ ಮಡಿಲ ಸುತ್ತ ನೆರೆಯುತ್ತಾರೆ.

ವಿದ್ಯಾರ್ಥಿಗಳೇ, ನೀವು ವ್ಯಾಕರಣದಲ್ಲಿ ಕಲಿತ ಕಾಲಭೇದವನ್ನು ಇಲ್ಲಿ ಸ್ಮರಿಸಿರಿ. ಆಟವು ಬಯಲಿನಲ್ಲಿ ಕಾಣುವ ಮಾತಿನಿಂದಲೇ ಪ್ರತಿಯೊಂದು ಪದ್ಯವೂ ಮುಗಿಯುತ್ತದೆ. ಮೊದಲ ಸಲ ಆ ಕ್ರಿಯಾಪದ ಭವಿಷ್ಯತ್ಕಾಲದಲ್ಲಿದೆ; ಮುದುಕರ ಬಾಯಲ್ಲಿ ಭೂತಕಾಲವಾಗುತ್ತದೆ; ಕೊನೆಗೆ ನಿಷೇಧವಾಗುತ್ತದೆ, ಆಟವು ಇನ್ನು ಕಾಣದು. ಎರಡು ಪದ್ಯಗಳಲ್ಲಿ ಮಾರ್ದನಿಗೊಟ್ಟ ಬಯಲು ಮೂರನೆಯದರಲ್ಲಿ ಕಪ್ಪೇರುವ ಬಯಲಾಗುತ್ತದೆ. ಒಂದು ದಿನದ ವರ್ಣನೆಯು ಹೀಗೆ ಒಂದು ಆಯುಷ್ಯದ ವರ್ಣನೆಯಾಗುತ್ತದೆ.

ಈ ಕತ್ತಲೆಯು ಭಯಂಕರವೇ? ನನಗೆ ಹಾಗೆ ತೋರದು. ಮರುದಿನ ಬೆಳಗಾಗುವುದೆಂದು ಕವಿ ಎಲ್ಲಿಯೂ ಹೇಳುವುದಿಲ್ಲ, ನಿಜ. ಆದರೆ ಜಾನಜ್ಜನ ನಗುವೇ ಅದಕ್ಕೆ ಸಾಕ್ಷಿ. ಆತನ ಆಟ ಮುಗಿದು ಎಷ್ಟೋ ವರ್ಷಗಳಾದರೂ ಬಯಲು ಬರಿದಾಗಿಲ್ಲ. ಮಕ್ಕಳ ಕೂಗಿಗೆ ಹಿರಿಯರ ನೆನಪು ಓಗೊಡುವುದೇ ಇಲ್ಲಿಯ ಮಾರ್ದನಿ.

ಇದನ್ನು ನನಗೆ ಕಲಿಸಿದವರು ಪಂಡಿತರಲ್ಲ. ಒಂದು ಸಂಜೆ ಮೊಮ್ಮಗನನ್ನು ಕರೆದೊಯ್ಯಲು ಬಂದ ವೃದ್ಧರೊಬ್ಬರು ನಮ್ಮ ಶಾಲೆಯ ಮೈದಾನದಂಚಿನ ಮರದಡಿ ಕುಳಿತಿದ್ದರು. ಹೊತ್ತಾಯಿತೆಂದು ಹುಡುಗನನ್ನು ಕರೆಯಹೊರಟ ನನ್ನನ್ನು ತಡೆದು, “ಇರಲಿ ಮಾಸ್ಟ್ರೇ, ಆಡಲಿ. ನಾನೂ ಇಲ್ಲೇ ಕುಟ್ಟಿದೊಣ್ಣೆ ಆಡಿದವ” ಎಂದು ನಕ್ಕರು. ಮರುದಿನ ತರಗತಿಯಲ್ಲಿ ಆ ಎರಡನೆಯ ಪದ್ಯವನ್ನು ಮೊದಲಿಂದ ಬೋಧಿಸಿದೆನು.

ಆಟದ ಹೊತ್ತನ್ನೂ ಪಾಠಕ್ಕೇ ಕೊಡಿರೆಂದು ಕೆಲವು ಪೋಷಕರು ಕೇಳುವುದುಂಟು. ಅವರಲ್ಲಿ ನನ್ನದೊಂದು ವಿನಂತಿ: ಇಂದು ಆಡದ ಮಗುವಿಗೆ ನಾಳೆ ಮರದಡಿ ಕುಳಿತು ನೆನೆಯಲು ಏನಿದೆ? ವಿದ್ಯಾರ್ಥಿಗಳೇ, ಇಂದು ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಅವರು ಎಲ್ಲಿ, ಯಾವ ಆಟ ಆಡಿದರೆಂದು ಕೇಳಿರಿ. ಅವರು ಹೇಳುವ ನುಡಿಯಲ್ಲಿಯೇ ಅದನ್ನು ಕೇಳಿ ನೆನಪಿಟ್ಟುಕೊಳ್ಳಿರಿ. ಬಯಲು ಕಪ್ಪೇರುವ ಮುನ್ನ ಮಾರ್ದನಿಯನ್ನು ಆಲಿಸುವ ಕೆಲಸ ನಿಮ್ಮದು.