ವಿಜ್ಞಾನ ಸಭೆಗೆ ಬೆಳಗಾವಿಯ ಆತಿಥ್ಯ

ತನ್ನ ಶತಮಾನೋತ್ಸವದ ಹೊತ್ತಿನಲ್ಲಿ, 2016ರ ಜನವರಿಯಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು 103ನೆಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿಗೆ ಆತಿಥ್ಯ ನೀಡಿತು. ಇಂತಹ ಗೌರವವನ್ನು ಬೆಳಗಾವಿಯೂ ಬಯಸತಕ್ಕದ್ದೆಂಬುದು ನಮ್ಮ ಮತ. 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಇಲ್ಲಿವೆ. ಮಹಾಸಭೆಗಳೂ ಈ ಊರಿಗೆ ಹೊಸವಲ್ಲ. ಮಹಾತ್ಮರು ಅಧ್ಯಕ್ಷರಾಗಿದ್ದ 1924ರ ಕಾಂಗ್ರೆಸ್ ಅಧಿವೇಶನಕ್ಕೆಂದು ತೋಡಿದ ಬಾವಿ ಇಂದಿಗೂ ಉಳಿದಿದೆ. ವಿದ್ವಾಂಸರ ಸಭೆಯು ಊರಿಗೆ ಏನನ್ನು ಉಳಿಸೀತು? ಹಾರತುರಾಯಿಗಳನ್ನಂತೂ ಅಲ್ಲ! ಸಂಜೆಗೊಂದು ಕನ್ನಡ ಉಪನ್ಯಾಸವಾದರೂ ಪೌರರಿಗೆ ದೊರೆಯಬೇಕು. ಅತಿಥಿಗಳಿಗೆ ತೋರಿಸಲು ಖಾನಾಪುರದ ಭೀಮಗಡ ಅರಣ್ಯವುಂಟು. ಆದರೆ ಅಲ್ಲಿಯ ಬಾರಾಪೇಡೆ ಗುಹೆಗಳಿಗೆ ಮಾತ್ರ ಜನಜಂಗುಳಿಯನ್ನು ಒಯ್ಯಕೂಡದು. 1913ರಲ್ಲಿ ಶಾಸ್ತ್ರಲೋಕಕ್ಕೆ ಪರಿಚಿತವಾದ ರಾಟನ್ ಬಾವಲಿಯ ಮೂಲನೆಲೆ ಅದು. ದೀಪ, ಗದ್ದಲಗಳನ್ನು ಆ ಜೀವಿ ತಾಳದು. ಅದರ ಪರಿಚಯವನ್ನು ಸಭಾಮಂಟಪದಲ್ಲಿಯೇ ಚಿತ್ರಗಳ ಮೂಲಕ ಮಾಡಿಕೊಡಲಿ.