ಅಟ್ಟದಿಂದ ಇಳಿದ ಪುಸ್ತಕ

ಮಕ್ಕಳು ಬೆಳೆದ ಮನೆಯಲ್ಲಿ ಹಿಂದೆ ಉಳಿಯುವ ಸಾಮಾನು ಮುಖ್ಯವಾಗಿ ಮೂರು ಬಗೆಯದು: ಓದಿ ಮುಗಿದ ಪುಸ್ತಕ, ಅಳತೆ ಮೀರಿದ ಬಟ್ಟೆ–ಆಟಿಕೆ, ಯಾವ ಉಪಯೋಗಕ್ಕೂ ಬಾರದೆ ನೆನಪಿಗೆಂದೇ ಎತ್ತಿಟ್ಟ ವಸ್ತು. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಫ್ಲ್ಯಾಟುಗಳಲ್ಲಿ ಈ ಮೂರೂ ಹೋಗಿ ಸೇರುವುದು ಅಡುಗೆಮನೆಯ ಇಲ್ಲವೇ ಬಚ್ಚಲಮನೆಯ ಮೇಲಿನ ಲಾಫ್ಟಿಗೆ. ಊರಿನ ಮನೆಯ ಅಟ್ಟದಂತೆ ಇಲ್ಲಿ ಹತ್ತಿ ಓಡಾಡುವ ಹಾಗಿಲ್ಲ. ಸ್ಟೂಲಿನ ಮೇಲೆ ನಿಂತು ಕೈ ಚಾಚಿದಷ್ಟೇ ಆಳ. ಮುಂಭಾಗದಲ್ಲಿ ಗಣಪತಿಯ ಮಖರ, ಊರಿಗೆ ಹೋಗುವ ಸೂಟ್‌ಕೇಸು. ಅವುಗಳ ಹಿಂದೆ ಗೋಡೆಗೆ ಒತ್ತಿಕೊಂಡು ಮಗುವಿನ ಒಂದನೇ ತರಗತಿ.

ಅದು ಕೆಳಗಿಳಿಯಲು ಏನಾದರೊಂದು ನೆಪ ಬೇಕು. ದೀಪಾವಳಿಗೆ ಮುಂಚಿನ ಸಾಫ್‌ಸಫಾಯಿ, ಮಳೆಗಾಲಕ್ಕೆ ಮೊದಲು ಮಾಡಿಸುವ ಸೋರಿಕೆಯ ದುರಸ್ತಿ, ಮಗಳು ಹತ್ತನೆಯದು ಮುಗಿಸಿ ಕಾಲೇಜು ಸೇರುವುದು ಹಳೆಯ ನೆಪಗಳು. ಈಚಿನದು ರಿಡೆವಲಪ್‌ಮೆಂಟ್. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ನವಿಮುಂಬಯಿಯಲ್ಲಿ ಕಟ್ಟಿಸಿದ ಮೊದಲ ಕಾಲದ ಕಟ್ಟಡಗಳಾಗಲಿ, ಥಾಣೆ–ಡೊಂಬಿವಲಿಯ ಹಳೆ ಸೊಸೈಟಿಗಳಾಗಲಿ ಒಡೆದು ಮೇಲೇಳುವಷ್ಟು ಕಾಲ ಮನೆಯವರು ಬಾಡಿಗೆಗೆ ಇರಬೇಕು. ಎರಡು ಸಲ ಟೆಂಪೋ ಹತ್ತಿಸಿ ಇಳಿಸಬೇಕಾದ ಪೆಟ್ಟಿಗೆಯೊಳಗೆ ಏನಿದೆಯೆಂದು ಆಗ ಯಾರಾದರೂ ತೆರೆದು ನೋಡಲೇಬೇಕಾಗುತ್ತದೆ.

ರದ್ದಿಯ ತಕ್ಕಡಿ

ಅತಿ ಹತ್ತಿರದ ದಾರಿ ರದ್ದಿ ಅಂಗಡಿ. ಅಲ್ಲಿ ಪುಸ್ತಕಕ್ಕೆ ಬೆಲೆ ತೂಕದ ಮೇಲೆ. ಸುದ್ದಿಪತ್ರಿಕೆ ಒಂದು ರಾಶಿ, ನೋಟ್‌ಬುಕ್ಕು–ಪುಸ್ತಕ ಇನ್ನೊಂದು ರಾಶಿ, ರಟ್ಟು ಮತ್ತೊಂದು. ಒಂದೊಂದಕ್ಕೆ ಒಂದೊಂದು ದರ. ಚೆನ್ನಾಗಿರುವ ಕಾದಂಬರಿಯನ್ನೋ ಪ್ರವೇಶ ಪರೀಕ್ಷೆಯ ಗೈಡನ್ನೋ ಅಂಗಡಿಯವನೇ ಆರಿಸಿ ಬೇರೆ ಇಡುತ್ತಾನೆ, ಹಳೆ ಪುಸ್ತಕ ಮಾರುವವರಿಗೆ ಕೊಡುತ್ತಾನೆ. ಮಿಕ್ಕದ್ದು ಕಾರ್ಖಾನೆಗೆ ಹೋಗಿ, ಅರೆದು ತಿರುಳಾಗಿ, ಮತ್ತೆ ರಟ್ಟಾಗುತ್ತದೆ.

ಪುಸ್ತಕ ಕಾಲಿಗೆ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ, ನವರಾತ್ರಿಯಲ್ಲಿ ಅದನ್ನೇ ಮಣೆಯ ಮೇಲಿಟ್ಟು ಸರಸ್ವತಿಯೆಂದು ಪೂಜಿಸುವ ಮನೆಗಳಲ್ಲಿ ತಕ್ಕಡಿಗೆ ಹಾಕಲು ಕೈ ಬರುವುದಿಲ್ಲ. ಮಹಾರಾಷ್ಟ್ರದ ದಸರೆಯಲ್ಲೂ ಮಕ್ಕಳು ಪಾಟಿಯ ಮೇಲೆ ಸರಸ್ವತಿಯನ್ನು ಬರೆದು ಪೂಜಿಸುವ ರೂಢಿಯಿದೆ. ನೆರೆಮನೆಯಲ್ಲೂ ಇದೇ ಹಿಂಜರಿಕೆ. ಹೀಗಾಗಿ ನಿರ್ಧಾರ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತದೆ, ಅಷ್ಟರಲ್ಲಿ ಪುಸ್ತಕ ಮತ್ತೊಬ್ಬರಿಗೆ ಕೊಡುವ ಸ್ಥಿತಿ ದಾಟಿರುತ್ತದೆ.

ರದ್ದಿಗೆ ಕೊಡಬೇಕಾದದ್ದೂ ಇದೆ: ಬರೆದು ತುಂಬಿದ ನೋಟ್‌ಬುಕ್ಕು, ಪಠ್ಯಕ್ರಮ ಬದಲಾದ ಗೈಡು, ಪುಟ ಹರಿದ ವರ್ಕ್‌ಬುಕ್ಕು. ಅವನ್ನು ಕೊಡುವ ಮುನ್ನ ಮೊದಲ ಪುಟ ಕಿತ್ತುಕೊಳ್ಳಬೇಕು. ಶಾಲೆಯ ಡೈರಿಯೊಂದನ್ನು ತೆರೆದರೆ ಕಾರಣ ತಿಳಿಯುತ್ತದೆ: ಮಗುವಿನ ಫೋಟೊ, ಪೂರ್ತಿ ಹೆಸರು, ಮನೆಯ ವಿಳಾಸ, ರಕ್ತದ ಗುಂಪು, ತಂದೆ–ತಾಯಿಯ ಮೊಬೈಲ್ ನಂಬರು, ಬಸ್ಸು ನಿಲ್ಲುವ ಜಾಗ ಎಲ್ಲವೂ ಒಂದೇ ಪುಟದಲ್ಲಿರುತ್ತದೆ. ರದ್ದಿಯ ಹಾಳೆ ನೇರ ಕಾರ್ಖಾನೆಗೇ ಹೋಗುತ್ತದೆಂಬ ಖಾತ್ರಿಯಿಲ್ಲ. ಸ್ಟೇಷನ್ನಿನ ಹೊರಗೆ ಸೇಂಗಾ ಕಟ್ಟಿಕೊಡುವ ಪೊಟ್ಟಣದಲ್ಲಿ ಯಾರದೋ ಮಗುವಿನ ಭಾಗಾಕಾರ, ಅದರ ಮೇಲೆ ಟೀಚರಿನ ಕೆಂಪು ಗೀಟು ಕಾಣಸಿಗುವುದು ಅಪರೂಪವೇನಲ್ಲ.

ಪಠ್ಯಪುಸ್ತಕದ ಆಯುಸ್ಸು

ಪಠ್ಯಪುಸ್ತಕವನ್ನು ತಡಮಾಡದೆ ಕೈ ದಾಟಿಸಬೇಕು. ರಾಜ್ಯ ಮಂಡಳಿಯ ಶಾಲೆಗಳು ಜೂನ್ ಮಧ್ಯದಲ್ಲಿ ಶುರುವಾಗುತ್ತವೆ, ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲಿ. ಕಟ್ಟಡದ ಕಿರಿಯ ಮಗುವಿಗೆ ಪುಸ್ತಕ ಬೇಕಾಗುವುದು ಅದಕ್ಕೂ ಕೆಲವು ವಾರ ಮೊದಲು ಮಾತ್ರ. ಒಂದು ವರ್ಷ ಲಾಫ್ಟಿನಲ್ಲಿ ಉಳಿದ ಪಠ್ಯಪುಸ್ತಕ ಹೊಸ ಆವೃತ್ತಿ ಬಂದರೆ ಯಾರಿಗೂ ಬೇಡ.

ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವ, 1967ರಲ್ಲಿ ಪುಣೆಯಲ್ಲಿ ಆರಂಭವಾದ ಬಾಲಭಾರತಿ ಸಂಸ್ಥೆ ಮರಾಠಿ, ಹಿಂದಿ, ಇಂಗ್ಲಿಷ್, ಉರ್ದು, ಗುಜರಾತಿಗಳ ಜೊತೆಗೆ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. 2023–24ರಲ್ಲಿ ಚೀಲದ ಭಾರ ಇಳಿಸಲೆಂದು ಕೆಲವು ತರಗತಿಗಳ ಪುಸ್ತಕಗಳಲ್ಲಿ ಪಾಠದ ಬೆನ್ನಿಗೇ ಬರೆಯುವ ಖಾಲಿ ಹಾಳೆಗಳನ್ನು ಸೇರಿಸಿ, ಒಂದು ವರ್ಷದ ವಿಷಯಗಳನ್ನು ನಾಲ್ಕು ಭಾಗ ಮಾಡಲಾಯಿತು. 2025ರಲ್ಲಿ ಈ ಪದ್ಧತಿಯನ್ನು ಕೈಬಿಡಲಾಯಿತು. ಆ ಎರಡು ವರ್ಷದ ಪುಸ್ತಕಗಳಲ್ಲಿ ಪಾಠವೂ ಮಗುವಿನ ಕೈಬರಹವೂ ಒಂದೇ ಹೊಲಿಗೆಯಲ್ಲಿವೆ. ಇನ್ನೊಂದು ಮಗುವಿಗೆ ಕೊಡಲು ಬರುವುದಿಲ್ಲ. ಒಂದು ಭಾಗವನ್ನು ನೆನಪಿಗೆ ಇಟ್ಟುಕೊಂಡು ಉಳಿದ ಮೂರನ್ನು ರದ್ದಿಗೆ ಹಾಕಬಹುದು.

ಮರಾಠಿ, ಇಂಗ್ಲಿಷ್ ಕಥೆಪುಸ್ತಕ

ಕಥೆಪುಸ್ತಕ ಪಠ್ಯಪುಸ್ತಕದ ಹಾಗೆ ಹಳತಾಗುವುದಿಲ್ಲ. ಹತ್ತು ವರ್ಷ ಕಳೆದರೂ ನಾಲ್ಕು ವರ್ಷದ ಮಗುವಿಗೆ ಆನೆಯ ಚಿತ್ರ ಆನೆಯೇ. ಮುಂದಿನ ಓದುಗ ಎಲ್ಲಿದ್ದಾನೆಂದು ಗೊತ್ತಾದರೆ ಸಾಕು. ಮರಾಠಿ, ಇಂಗ್ಲಿಷ್ ಪುಸ್ತಕಗಳಿಗೆ ಆ ಓದುಗ ಇದೇ ಲೋಕಲ್ ಮಾರ್ಗದ ಮೇಲಿದ್ದಾನೆ. ಮನೆಗೆಲಸಕ್ಕೆ ಬರುವ ಬಾಯಿಯ ಮಗ, ವಾಚ್‌ಮನ್‌ನ ಮಗಳು, ಸೊಸೈಟಿಯ ಕಪಾಟು, ಹತ್ತಿರದ ಬಾಲವಾಡಿ, ಹೀಗೆ ಹುಡುಕಾಟ ಕಟ್ಟಡದ ಬಾಗಿಲಿನಲ್ಲೇ ಶುರುವಾಗುತ್ತದೆ.

ಈ ಭಾಗದ ಗ್ರಂಥಾಲಯಗಳಿಗೆ ದೀರ್ಘ ಇತಿಹಾಸವಿದೆ. ಕಲ್ಯಾಣ್ ಸಾರ್ವಜನಿಕ ವಾಚನಾಲಯ 1864ರದು, ಥಾಣೆಯ ಮರಾಠಿ ಗ್ರಂಥಸಂಗ್ರಹಾಲಯ 1893ರದು. ಡೊಂಬಿವಲಿಯ ಪೈ ಫ್ರೆಂಡ್ಸ್ ಲೈಬ್ರರಿ ಶುರುವಾದದ್ದು 1986ರಲ್ಲಿ. ಅದು ನಡೆಸುವ ‘ಪುಸ್ತಕ ಆದಾನ–ಪ್ರದಾನ’ದಲ್ಲಿ ಓದಿದ ಪುಸ್ತಕ ಕೊಟ್ಟು ಓದದ ಪುಸ್ತಕ ಒಯ್ಯಬಹುದು. ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ 2017ರಲ್ಲಿ ಸೇರಿದ್ದೂ ಡೊಂಬಿವಲಿಯಲ್ಲೇ. ಓದುವ ಊರೆಂಬ ಅದರ ಹೆಸರಿನ ಲಾಭ ಹಳೆ ಪುಸ್ತಕಕ್ಕೂ ಸಿಗುತ್ತದೆ.

ಗ್ರಂಥಾಲಯವನ್ನು ಲಾಫ್ಟಿನ ಬದಲಿ ಎಂದು ಮಾತ್ರ ತಿಳಿಯಬಾರದು. ಪಠ್ಯಪುಸ್ತಕ, ಹಳೆ ಗೈಡು, ಬಿಡಿ ಸಂಚಿಕೆ, ಹಳೆಯ ವಿಶ್ವಕೋಶದ ಒಂಟಿ ಸಂಪುಟ ಅವರಿಗೂ ಹೊರೆಯೇ. ಮೊದಲು ಪಟ್ಟಿ ಕಳಿಸಿ, ಬೇಕೆಂದದ್ದನ್ನು ಒರೆಸಿ, ಗೋಂದು ಹಚ್ಚಿ ಕೊಡುವುದು ಸರಿಯಾದ ಕ್ರಮ. ತನ್ನ ಮಗುವಿಗೆ ಕೊಡಲಾರದ ಪುಸ್ತಕವನ್ನು ಇನ್ನೊಬ್ಬರ ಮಗುವಿಗೂ ಕೊಡಬಾರದು.

ಕನ್ನಡ ಪುಸ್ತಕ ಹೋಗಬೇಕಾದ ದೂರ

ಕನ್ನಡ ಪುಸ್ತಕದ ಲೆಕ್ಕ ಬೇರೆ. ಈ ನಗರಗಳ ಎಷ್ಟೋ ಕರಾವಳಿ ಮನೆಗಳಲ್ಲಿ ಆಡುವುದು ತುಳು ಅಥವಾ ಕೊಂಕಣಿ, ಓದುವುದು ಕನ್ನಡ. ಆ ಓದು ಇದ್ದದ್ದು ಊರಿನಲ್ಲಿ ಕಲಿತು ಬಂದ ತಲೆಮಾರಿಗೆ. ಇಲ್ಲೇ ಹುಟ್ಟಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಶಾಲೆಯಲ್ಲಿ ಸಿಕ್ಕಿದ್ದು ಮರಾಠಿ, ಹಿಂದಿ. ಅಜ್ಜಿ ಊರಿನಿಂದ ತಂದ ಕನ್ನಡ ಕಥೆಪುಸ್ತಕವನ್ನು ಮಕ್ಕಳು ಓದಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಹಾಗಾಗಿ ಲಾಫ್ಟಿನಲ್ಲಿ ಅತಿ ಹೊಸದಾಗಿ ಉಳಿದಿರುವುದೂ ಅದೇ, ಕಟ್ಟಡದಲ್ಲಿ ಕೇಳುವವರಿಲ್ಲದ್ದೂ ಅದೇ.

ಇಂಥ ಪೆಟ್ಟಿಗೆಯಲ್ಲಿ ಸಿಗುವುದು ಸಾಧಾರಣವಾಗಿ ರಾಷ್ಟ್ರೋತ್ಥಾನ ಪರಿಷತ್ತಿನ ಭಾರತ–ಭಾರತಿ ಮಾಲೆಯ ಕಿರುಹೊತ್ತಿಗೆಗಳು (ಮಾಲೆಯಲ್ಲಿ ಒಟ್ಟು 510), ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಮುಂಬಯಿಯಲ್ಲಿ 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥೆಯ ಸಂಚಿಕೆಗಳು, ಕನ್ನಡದಲ್ಲಿ 1949ರಲ್ಲಿ ಶುರುವಾಗಿ ಈಗ ನಿಂತುಹೋಗಿರುವ ಚಂದಮಾಮ. ಅದೃಷ್ಟವಿದ್ದರೆ ಶಿವರಾಮ ಕಾರಂತರ ‘ಬಾಲಪ್ರಪಂಚ’ದ ಒಂದು ಸಂಪುಟ, ಅದು ಮೊದಲು ಬಂದದ್ದು 1936ರಲ್ಲಿ. ಚಂದಮಾಮದ ಹಳೆ ಸಂಚಿಕೆ, ಬಾಲಪ್ರಪಂಚದ ಹಳೆ ಮುದ್ರಣ ಸಂಗ್ರಾಹಕರಿಗೂ ಸಂಶೋಧಕರಿಗೂ ಬೇಕಾದವು. ಅವು ಕಿಲೋ ಲೆಕ್ಕಕ್ಕೆ ಸೇರುವಂಥವಲ್ಲ.

ಹತ್ತಿರದಲ್ಲೇ ವಿಚಾರಿಸಬೇಕಾದ ಕೆಲವು ಕಡೆಗಳಿವೆ. ಡೊಂಬಿವಲಿಯಲ್ಲಿ ಮಂಜುನಾಥ ವಿದ್ಯಾಲಯ ನಡೆಸುವ ಕರ್ನಾಟಕ ಸಂಘ, ಥಾಣೆಯ ನವೋದಯ ಕನ್ನಡ ಸೇವಾ ಸಂಘ, ವಾಶಿಯ ನವಿಮುಂಬಯಿ ಕನ್ನಡ ಸಂಘ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ. ಅಪರೂಪದ ಪುಸ್ತಕವಿದ್ದರೆ ಮೊದಲ ಮಾತು ಇವರೊಡನೆ ಆಡುವುದು ಲೇಸು. ಮಹಾರಾಷ್ಟ್ರದ ಒಳಗೇ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳಿವೆ. ಕಥೆಪುಸ್ತಕ ಓದುವ ವಯಸ್ಸಿನ ಮಕ್ಕಳು ಅಲ್ಲಿದ್ದಾರೆ.

ಮಿಕ್ಕದ್ದಕ್ಕೆ ಊರೇ ಸರಿ. ಕರ್ನಾಟಕದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಈಗ ‘ಅರಿವು ಕೇಂದ್ರ’ ಎನಿಸಿಕೊಂಡಿವೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ‘ಪುಸ್ತಕ ಜೋಳಿಗೆ’ಯ ಹೆಸರಿನಲ್ಲಿ ಮನೆಮನೆಯಿಂದ ಪುಸ್ತಕ ಕೂಡಿಸುವ ಕೆಲಸವೂ ನಡೆಯಿತು. ಅಪ್ಪನ ಊರಿನ ಪಂಚಾಯಿತಿಯ ಅರಿವು ಕೇಂದ್ರಕ್ಕೋ, ಅಮ್ಮ ಓದಿದ ಪ್ರಾಥಮಿಕ ಶಾಲೆಗೋ ಕೊಟ್ಟ ಪುಸ್ತಕದ ಮೊದಲ ಪುಟದಲ್ಲಿ ಡೊಂಬಿವಲಿಯ ಹೆಸರಿದ್ದರೆ ಊರಿನವರಿಗೆ ಅದು ಯಾರ ಮನೆಯದೆಂದು ಗೊತ್ತಾಗುತ್ತದೆ.

ಸಾಗಿಸುವುದು ಕಷ್ಟವಿಲ್ಲ. ಮಂಗಳೂರಿಗೆ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಥಾಣೆ, ಪನ್ವೇಲ್‌ಗಳಲ್ಲಿ ನಿಲ್ಲುತ್ತದೆ. ಕಲಬುರಗಿಯ ಕಡೆಯವರಿಗೆ ಕಲ್ಯಾಣ್‌ನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಸ್ಲೀಪರ್ ಟಿಕೆಟ್ಟಿಗೆ ತಲಾ 40 ಕಿಲೋ ಸಾಮಾನು ಉಚಿತ. ಮೇ ರಜೆಗೆ ಹೊರಟ ನಾಲ್ವರ ಸಂಸಾರ ಒಂದು ಪೆಟ್ಟಿಗೆ ಪುಸ್ತಕ ಒಯ್ದರೆ ಹೆಚ್ಚಿನ ಖರ್ಚಿಲ್ಲ. ದೊಡ್ಡದೊಂದು ಪೆಟ್ಟಿಗೆಗಿಂತ ಕೈಯಲ್ಲಿ ಎತ್ತಬಹುದಾದ ಎರಡು ಚಿಕ್ಕವು ಮೇಲು. ಪುಸ್ತಕದ ಭಾರ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು. ಅಂಚೆಯಲ್ಲಿ ಕಳಿಸುವವರಿಗೆ 2025ರ ಮೇ 1ರಿಂದ ‘ಜ್ಞಾನ್ ಪೋಸ್ಟ್’ ಸೇವೆ ಬಂದಿದೆ: ಶೈಕ್ಷಣಿಕ, ಸಾಂಸ್ಕೃತಿಕ ಪುಸ್ತಕಗಳಿಗೆ 300 ಗ್ರಾಂವರೆಗೆ 20 ರೂಪಾಯಿ, ಗರಿಷ್ಠ 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ.

ಕಳಿಸುವ ಮೊದಲು ಮಾಡಬಹುದಾದ ಒಂದು ಕೆಲಸವಿದೆ. ಓದಲು ಬಾರದಿದ್ದರೂ ಕೇಳಿದರೆ ತಿಳಿಯುವ ಮಕ್ಕಳಿಗಾಗಿ, ಮೆಚ್ಚಿನ ಎರಡು–ಮೂರು ಕಥೆಗಳನ್ನು ಅಜ್ಜ–ಅಜ್ಜಿ ಗಟ್ಟಿಯಾಗಿ ಓದಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಡುವುದು. ಪುಸ್ತಕ ಊರಿಗೆ ಹೋದರೂ ಕಥೆಯೂ ದನಿಯೂ ಮನೆಯಲ್ಲಿ ಇರುತ್ತವೆ.

ಬಟ್ಟೆ, ತೊಟ್ಟಿಲು, ಆಟಿಕೆ

ಬಟ್ಟೆ–ತೊಟ್ಟಿಲುಗಳ ವಿಚಾರದಲ್ಲಿ ರೂಢಿಯೇ ದಾರಿ ತೋರಿಸಿದೆ. ತೊಟ್ಟಿಲು ಒಬ್ಬರ ಸ್ವತ್ತಾಗಿ ಉಳಿಯುವುದು ಕಡಿಮೆ. ಅಕ್ಕನ ಮನೆಯಿಂದ ತಂಗಿಯ ಮನೆಗೆ, ಅಲ್ಲಿಂದ ಸೋದರಮಾವನ ಮನೆಗೆ ಸುತ್ತುತ್ತದೆ. ಖಾಲಿ ತೊಟ್ಟಿಲು ತೂಗಬಾರದೆಂಬ ಹಿರಿಯರ ಮಾತೂ ಅದನ್ನು ಮುಂದಿನ ಮಗುವಿನ ಕಡೆಗೇ ತಳ್ಳುತ್ತದೆ. ಹುಟ್ಟಿದ ಮಗುವಿಗೆ ಮೊದಲು ತೊಡಿಸುವುದು ಇನ್ನೊಂದು ಮಗು ತೊಟ್ಟು ಮೆತ್ತಗಾದ ಅಂಗಿಯನ್ನು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ, ಧೋತರದ ಜೊತೆಗೆ ಮಕ್ಕಳ ಅಂಗಿ–ಕುಲಾವಿಯ ತುಂಡುಗಳೂ ಕೌದಿಗೆ ಸೇರುತ್ತವೆ. ಕೌದಿ ನೆನಪನ್ನು ಪೆಟ್ಟಿಗೆಯಲ್ಲಿಡದೆ ದಿನವೂ ಹೊದೆಯುವ ವಿಧಾನ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಮುಂಬಯಿಯ ಗಲ್ಲಿಗಳಲ್ಲಿ ಮೊದಲಿಗಿಂತ ಕಡಿಮೆಯಾದರೂ, ಆ ವ್ಯಾಪಾರ ಪೂರ್ತಿ ನಿಂತಿಲ್ಲ.

ಆಟಿಕೆಯಲ್ಲಿ ಎಚ್ಚರ ಬೇಕು. ಬಣ್ಣಗಳಲ್ಲಿ ಸೀಸದ ಪ್ರಮಾಣಕ್ಕೆ ಭಾರತದಲ್ಲಿ ಕಡ್ಡಾಯ ಮಿತಿ ಬಂದದ್ದು 2017ರ ನವೆಂಬರ್‌ನಿಂದ. ಆಟಿಕೆಗೆ ಬಿಐಎಸ್ ಗುರುತು ಕಡ್ಡಾಯವಾದದ್ದು 2021ರ ಜನವರಿಯಿಂದ. ಅದಕ್ಕಿಂತ ಹಳೆಯ, ಬಣ್ಣ ಏಳುತ್ತಿರುವ ಆಟಿಕೆಯನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿಗೆ ಕೊಡಬಾರದು. ಬ್ಯಾಟರಿಯ ಕಾರು, ಮಾತಾಡುವ ಬೊಂಬೆ 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಇ–ತ್ಯಾಜ್ಯ. ಶೆಲ್ ತೆಗೆದು ಬೇರೆಯಾಗಿ ಕೊಡಬೇಕು.

ಇಡಬೇಕಾದದ್ದು

ಎಲ್ಲವೂ ಹೋದ ಮೇಲೆ ಉಳಿಯುವುದು ಹೆಚ್ಚಿಲ್ಲ: ಕಾಲ್ಗಡಗ, ಉಡಿದಾರದ ಬೆಳ್ಳಿ ಮಣಿ, ಮೊದಲ ಚಿತ್ರ, ‘ಅ’ ತಿದ್ದಿದ ಹಾಳೆ, ಸ್ನೇಹಸಮ್ಮೇಳನದ ಫೋಟೊ. ಇದನ್ನು ಆರಿಸುವಾಗ ಮಗುವನ್ನೂ ಕೇಳಬೇಕು. ದೊಡ್ಡವರು ಜೋಪಾನ ಮಾಡಿದ ಟ್ರೋಫಿ ಮಗುವಿಗೆ ಬೇಡವಾಗಿ, ಕಿವಿ ಹರಿದ ಮೊಲ ಬೇಕಾಗಿರಬಹುದು. ಶಿಶುಗಳು ಅಪ್ಪಿ ಮಲಗುವ ಇಂಥ ವಸ್ತುಗಳ ಬಗ್ಗೆ 1951ರಲ್ಲಿ ಪ್ರಬಂಧ ಮಂಡಿಸಿದ ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನ್ನಿಕಾಟ್, ಅವನ್ನು ಮಗು ಮರೆಯುವುದೂ ಇಲ್ಲ, ಕಳೆದುಕೊಂಡೆನೆಂದು ಅಳುವುದೂ ಇಲ್ಲ, ಕಾಲಕ್ರಮದಲ್ಲಿ ಅವುಗಳ ಅರ್ಥ ಸವೆದುಹೋಗುತ್ತದೆ ಎಂದು ವಿವರಿಸಿದರು. ಸವೆಯುವ ಮೊದಲೇ ದೊಡ್ಡವರು ಎಸೆದರೆ ಮಾತ್ರ ರಗಳೆ.

ಕಾಗದಪತ್ರಗಳದು ಭಾವನೆಯ ಲೆಕ್ಕವಲ್ಲ. ಜನನ ಪತ್ರ, ಲಸಿಕೆಯ ಕಾರ್ಡು, ಶಾಲೆ ಬಿಟ್ಟ ದಾಖಲೆ, ಅಂಕಪಟ್ಟಿಗಳನ್ನು ಎಂದಿಗೂ ಎಸೆಯಬಾರದು. ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರದ ಪರಿಶೀಲನೆಗೆ ಅಪ್ಪ–ಅಜ್ಜಂದಿರ ಶಾಲಾ ದಾಖಲೆಗಳನ್ನೂ ಕೇಳುತ್ತಾರೆ. ಕರ್ನಾಟಕದಿಂದ ಬಂದು ನೆಲೆಸಿದ ಕುಟುಂಬಗಳಿಗೆ ಊರಿನ ಶಾಲೆಯ ಹಳೆ ಸರ್ಟಿಫಿಕೇಟು ಮೊಮ್ಮಗನ ಕಾಲೇಜು ಪ್ರವೇಶದ ದಿನ ನೆನಪಾಗುತ್ತದೆ.

ಇಟ್ಟದ್ದನ್ನು ಕಾಯುವುದು ಮಳೆಗಾಲದಿಂದ. ಅಗ್ಗದ ಕಾಗದ ತನ್ನಲ್ಲಿರುವ ಲಿಗ್ನಿನ್‌ನಿಂದಾಗಿ ಗಾಳಿ, ಬೆಳಕಿಗೆ ಹಳದಿಯಾಗಿ ಪುಡಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. 2005ರ ಜುಲೈ 26ರ ಮಳೆಗೆ ಉಲ್ಹಾಸ್ ನದಿ ಉಕ್ಕಿ ಕಲ್ಯಾಣ್ ಸುತ್ತಿನ ನೆಲಮಹಡಿಗಳಿಗೆ ನೀರು ನುಗ್ಗಿದ ಮೇಲೆ, ನೆಲದ ಟ್ರಂಕು ಸುರಕ್ಷಿತವೆಂಬ ನಂಬಿಕೆಗೆ ಆಧಾರವಿಲ್ಲ. ಬಚ್ಚಲ ಗೋಡೆಗೆ ತಾಗದ ಎತ್ತರದ ಕಪಾಟು, ಗಾಳಿಯಾಡುವ ರಟ್ಟಿನ ಡಬ್ಬಿ, ವರ್ಷಕ್ಕೊಮ್ಮೆ ನವೆಂಬರ್‌ನ ಒಣ ಹವೆಯಲ್ಲಿ ತೆರೆದು ನೋಡುವುದು ಸಾಕು. ಸೆಲೊಟೇಪು ಹಳದಿ ಕಲೆ ಬಿಡುತ್ತದೆ. ಲ್ಯಾಮಿನೇಷನ್ ಮಾಡಿದರೆ ಮತ್ತೆ ಬಿಡಿಸಲು ಬರುವುದಿಲ್ಲ. ಸ್ಕೆಚ್‌ಪೆನ್ನಿನ ಬಣ್ಣ ಬೆಳಕಿಗೆ ಮಾಸುವುದರಿಂದ ಚಿತ್ರಗಳ ಫೋಟೊ ತೆಗೆದಿಡಬೇಕು.

ಕೊನೆಯ ಕೆಲಸ ಚೀಟಿ ಬರೆಯುವುದು. ಹೆಸರಿಲ್ಲದ ಕಾಲ್ಗಡಗ ಮೂವತ್ತು ವರ್ಷದ ಮೇಲೆ ಬರೀ ಬೆಳ್ಳಿ. ಯಾರದು, ಯಾವ ವರ್ಷದ್ದು, ಯಾರು ಕೊಟ್ಟದ್ದು ಎಂಬ ಮೂರು ಸಾಲು ಡಬ್ಬಿಯೊಳಗಿರಬೇಕು. ಅದನ್ನು ಮುಂದೆ ತೆರೆಯುವ ಮೊಮ್ಮಗಳಿಗೆ ಕನ್ನಡ ಅಕ್ಷರ ಬರುತ್ತದೆಂಬ ಭರವಸೆ ಈ ಊರುಗಳಲ್ಲಿ ಇಲ್ಲವಾದ್ದರಿಂದ, ಕನ್ನಡದ ಕೆಳಗೆ ಅದೇ ಸಾಲುಗಳನ್ನು ಅವಳು ಓದಬಲ್ಲ ಲಿಪಿಯಲ್ಲೂ ಬರೆದಿಡಬೇಕು.